ಬಾದಾಮಿ ಬಂಡೆಯ ಮೇಲೆ ಅಲೆ

ಭೂವಿಜ್ಞಾನದ ಫೀಲ್ಡ್ ಟ್ರಿಪ್, ಕಲಾದಗಿ ಬೇಸಿನ್ (ಬಾದಾಮಿ ಸುತ್ತಲಿನ ಹಳೆಯ ಕಲ್ಲುಪದರಗಳ ಪ್ರದೇಶ), ಎರಡನೇ ದಿನ. ಚಿಕ್ಕವಳಿದ್ದಾಗ ಬಾದಾಮಿಗೆ ಸ್ಕೂಲ್ ಟೂರ್ ಬಂದಿದ್ದೆ. ಆಗ ನೋಡಿದ್ದು ಗುಹೆ ಮತ್ತು ಮಂಗ, ಅಷ್ಟೇ. ಇವತ್ತು ಎಲ್ಲರೂ ಒಂದು ಮರಳುಗಲ್ಲಿನ ಮುಂದೆ ಮಂಡಿಯೂರಿ ಕೂತಿದ್ದೆವು. ಕಲ್ಲಿನ ಮೇಲೆ ಸಾಲು ಸಾಲು ಅಲೆಯ ಗುರುತು, ಥೇಟ್ ಹೊಳೆದಂಡೆಯ ಮರಳಲ್ಲಿ ಕಾಣುವ ಹಾಗೆ. ಆ ಗುರುತು ಬಿಟ್ಟ ನೀರು ಹರಿದಾಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲವಂತೆ. ಚಾಲುಕ್ಯರು ಮೂರನೇ ಗುಹೆಯಲ್ಲಿ ಶಾಸನ ಬರೆಸಿದ್ದು ಕ್ರಿ.ಶ. 578ರಲ್ಲಿ. ಕಲ್ಲಿನ ಲೆಕ್ಕದಲ್ಲಿ ಅದು ನಿನ್ನೆ ಸಂಜೆ, ಅಲ್ವಾ?

"ನೀರು ಯಾವ ಕಡೆ ಹರಿದಿತ್ತು, ಹೇಳ್ರಿ" ಅಂದರು ಸರ್. ಮೂವರು ಮೂರು ದಿಕ್ಕು ತೋರಿಸಿದೆವು. ಅಷ್ಟರಲ್ಲಿ ಮಂಗವೊಂದು ನನ್ನ ಸ್ಯಾಂಪಲ್ ಚೀಲ ಎಳೆದುಕೊಂಡು ಓಡಿತು. ಒಳಗೆ ಬರೀ ಕಲ್ಲು! ಮೂಸಿ ನೋಡಿ ಅಲ್ಲೇ ಬಿಸಾಕಿತು.