ಸಿಂಹಕ್ಕೂ ಒಂದು ಪಾಳಿ

ಕಳೆದ ಜುಲೈಯಲ್ಲಿ ಒಂದು ಭಾನುವಾರ ಮಲ್ಪೆಯ ದೊಡ್ಡಮ್ಮನ ಮನೆಯಲ್ಲಿದ್ದೆ. ಬೆಳಗಿನ ಆರಾಧನೆಯಲ್ಲಿ ಬೈಬಲಿನ 104ನೇ ಕೀರ್ತನೆ ಓದಿದ್ದರು. ಊಟ ಮುಗಿದು ಮಳೆ ಸ್ವಲ್ಪ ಬಿಟ್ಟಾಗ ಇಬ್ಬರೂ ಬೋಟು ನಿಲ್ಲುವ ದಕ್ಕೆ ಕಡೆ ನಡೆದೆವು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಟಾರ್ಪಾಲಿನ ಅಡಿ ಕೂತು ಹಿರಿಯರೊಬ್ಬರು ಬಲೆಯ ಹರಿದ ಕಣ್ಣುಗಳನ್ನು ನೈಲಾನ್ ದಾರದಲ್ಲಿ ಒಂದೊಂದಾಗಿ ಕಟ್ಟುತ್ತಿದ್ದರು. ಹಲ್ಲಿನಲ್ಲಿ ಗಂಟು ಬಿಗಿದು, ಮುಂದಿನ ಕಣ್ಣಿಗೆ ಕೈ ಹಾಕುತ್ತಿದ್ದರು. ಆಚೆ ಅಳಿವೆಯಲ್ಲಿ ಕೆಂಪು ನೀರು, ದೊಡ್ಡ ದೊಡ್ಡ ಅಲೆ.

ನೋಡುತ್ತಾ ನಿಂತಾಗ ಕೀರ್ತನೆಯ ನಡುವಿನ ಭಾಗ ನೆನಪಾಯಿತು. ದೇವರು ಕತ್ತಲೆ ಬರಮಾಡುತ್ತಾನೆ, ಕಾಡಿನ ಪ್ರಾಣಿಗಳು ಹೊರಡುತ್ತವೆ. ಸಿಂಹದ ಮರಿಗಳು ಗರ್ಜಿಸಿ ದೇವರ ಹತ್ತಿರ ಊಟ ಕೇಳುತ್ತವೆ. ಹೊತ್ತು ಹುಟ್ಟಿದರೆ ಅವು ಗವಿಗೆ, ಮನುಷ್ಯ ಕೆಲಸಕ್ಕೆ, ಅದೂ ಸಾಯಂಕಾಲದವರೆಗೆ ಮಾತ್ರ. ನಮಗೂ ಒಂದು ಪಾಳಿ, ಸಿಂಹಕ್ಕೂ ಒಂದು ಪಾಳಿ! ಮುಂದೆ ಕಡಲು ಬರುತ್ತದೆ. ಹಡಗು ಓಡಾಡುವ ಅದೇ ನೀರಿನಲ್ಲಿ ಲಿವ್ಯಾತಾನ ಎಂಬ ದೈತ್ಯ ಜಲಚರ ಆಡುತ್ತಿರುತ್ತದೆ. ಎಲ್ಲವನ್ನೂ ಮನುಷ್ಯನ ಪಾದದ ಕೆಳಗೆ ಇಟ್ಟೆ ಎನ್ನುವ 8ನೇ ಕೀರ್ತನೆ ನನಗೂ ಇಷ್ಟವೇ. ಆದರೆ ಅದನ್ನು ಓದುವವರು 104ನ್ನೂ ಜೊತೆಗೇ ಓದಬೇಕು. ಇಲ್ಲದಿದ್ದರೆ ನಾವೇ ಯಜಮಾನರು ಅಂದುಕೊಂಡು ಬಿಡುತ್ತೇವೆ.

ಇಷ್ಟು ಚಂದದ ಹಾಡು 29ನೇ ವಚನಕ್ಕೆ ಬಂದಾಗ ಬೇರೆಯೇ ಮಾತಾಡುತ್ತದೆ. ನೀನು ಉಸಿರು ತೆಗೆದರೆ ಅವು ಸತ್ತು ಮಣ್ಣಿಗೆ ಸೇರುತ್ತವೆ ಎನ್ನುತ್ತದೆ. ಬೋಟಿನಲ್ಲಿ ಹೋದ ದೊಡ್ಡಪ್ಪ ತಿರುಗಿ ಬಂದಿರಲಿಲ್ಲ. ಆ ವಚನ ಓದುವಾಗಲೂ ದೊಡ್ಡಮ್ಮನ ಸ್ವರ ಎಲ್ಲರಿಗಿಂತ ಜೋರಾಗಿತ್ತು. ಅದು ಹೇಗೆ ಸಾಧ್ಯ ಅಂತ ಕೇಳಿಯೇ ಬಿಟ್ಟೆ.

ಅವರು ತುಳುವಿನಲ್ಲಿ ಹೇಳಿದ್ದು ಇಷ್ಟು: "ಕಡಲು ದೇವರಲ್ಲ ಮಗಾ. ಅದಕ್ಕೂ ಗಡಿ ಹಾಕಿದವನು ಒಬ್ಬ ಇದ್ದಾನೆ. ನನ್ನ ಕಣ್ಣೀರು, ಕೋಪ ಎಲ್ಲ ಅವನ ಹತ್ತಿರವೇ ಅಲ್ವಾ ಹೇಳಬೇಕಾದ್ದು? ಕಡಲಿಗೆ ಹೇಳಿದರೆ ಅದಕ್ಕೆ ಕೇಳ್ತದಾ?"

ದೇವರು ಆಳುತ್ತಾನೆ ಎಂಬ ಮಾತನ್ನು ನಾನು ಚರ್ಚಿನ ತುಂಬ ಪ್ರಸಂಗಗಳಲ್ಲಿ ಕೇಳಿದ್ದೇನೆ. ಇಷ್ಟು ಹತ್ತಿರ ಅದು ಬಂದದ್ದು ಆ ದಕ್ಕೆಯಲ್ಲಿ.

ದೊಡ್ಡಮ್ಮನ ಮಗನೂ ಬೋಟಿಗೆ ಹೋಗುವವನು. ಅವನಿಗಾಗಿ ದಿನಾ ಪ್ರಾರ್ಥಿಸುತ್ತಾರೆ. ಹೊರಡುವಾಗ ಲೈಫ್ ಜಾಕೆಟ್ ತಗೊಂಡೆಯಾ ಅಂತ ತಪ್ಪದೆ ಕೇಳುತ್ತಾರೆ.