ಆರು ತಿಂಗಳು ಎದೆಹಾಲೊಂದೇ ಏಕೆ?

ಕೋಲಾರದ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಮನೆಗಳೇ ಹೆಚ್ಚು. ಸೀಮೆಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ ಎಳೆಗೂಸಿಗೆ ಕುಡಿಸುವುದನ್ನು ಇಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ. ಜೇನು, ತೇಯ್ದ ಬಜೆ, ಸಕ್ಕರೆ ನೀರು, ಗ್ರೈಪ್ ವಾಟರ್ ಎಲ್ಲವೂ ಬಾಣಂತನದೊಳಗೇ ಬರುತ್ತವೆ. ಆದರೆ ತಾಯಿಗೆ ಎಚ್‌ಐವಿ ಇದ್ದರೆ, ಎದೆಹಾಲಿನ ಜೊತೆಗೆ ಕೊಡುವ ಇಂತಹ ಒಂದೊಂದು ಒಳಲೆಯೂ ಮಗುವಿನ ಅಪಾಯವನ್ನು ಹೆಚ್ಚಿಸುತ್ತದೆ.

ಚಿಕಿತ್ಸೆಯೇ ಇಲ್ಲದಿದ್ದರೆ ಗರ್ಭ, ಹೆರಿಗೆ, ಹಾಲೂಡಿಕೆ ಮೂರೂ ಸೇರಿ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಹಾಗಿದ್ದರೆ ಡಬ್ಬದ ಹಾಲಿಗೆ ಬದಲಾಯಿಸಿದರಾಯಿತಲ್ಲ ಎಂದು ಅನ್ನಿಸುವುದು ಸಹಜ. 2000ದಲ್ಲಿ ಪ್ರಕಟವಾದ ಕೆನ್ಯಾದ ನೈರೋಬಿಯ ಅಧ್ಯಯನದಲ್ಲಿ ಡಬ್ಬದ ಹಾಲು ಕುಡಿದ ಮಕ್ಕಳಲ್ಲಿ ಸೋಂಕು ಕಡಿಮೆಯಾದದ್ದು ನಿಜ. ಆದರೆ ಎರಡು ವರ್ಷದೊಳಗೆ ತೀರಿಕೊಂಡವರ ಪ್ರಮಾಣ ಎದೆಹಾಲು ಕುಡಿದವರಲ್ಲೂ ಡಬ್ಬದ ಹಾಲು ಕುಡಿದವರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. 2006ರಲ್ಲಿ ಬೋಟ್ಸ್ವಾನಾದಲ್ಲಿ ಭಾರಿ ಮಳೆಯ ನಂತರ ಭೇದಿ ಹರಡಿದಾಗ ಹೆಚ್ಚಾಗಿ ಬಲಿಯಾದವರು ಎದೆಹಾಲಿಲ್ಲದ ಕೂಸುಗಳು. ಕೊಳವೆಬಾವಿಯಲ್ಲಿ ಫ್ಲೋರೈಡ್ ಬರುವ, ಕುಡಿಯುವ ನೀರನ್ನು ಕ್ಯಾನಿನಲ್ಲಿ ಹೊತ್ತು ತರುವ ನಮ್ಮ ಜಿಲ್ಲೆಯಲ್ಲಿ ಈ ಸಂಗತಿಯನ್ನು ಹಗುರವಾಗಿ ಓದಲು ನನಗಂತೂ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸುಳಿವು ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. 1999ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದ ಪ್ರಕಾರ, ಮೊದಲ ಮೂರು ತಿಂಗಳು ಎದೆಹಾಲನ್ನಷ್ಟೇ ಕುಡಿದ ಮಕ್ಕಳಿಗಿಂತ ಎದೆಹಾಲಿನೊಂದಿಗೆ ಬೇರೆ ಹಾಲು, ನೀರು, ಆಹಾರವನ್ನೂ ತೆಗೆದುಕೊಂಡ ಮಕ್ಕಳಲ್ಲಿ ಸೋಂಕು ಹೆಚ್ಚಾಗಿತ್ತು. ಹೊರಗಿನ ಆಹಾರ ಎಳೆಯ ಕರುಳಿನ ಒಳಪದರವನ್ನು ಕೆರಳಿಸಿ, ಎದೆಹಾಲಿನಲ್ಲಿರುವ ವೈರಾಣುವಿಗೆ ದಾರಿ ಮಾಡಿಕೊಡುತ್ತದೆ ಎಂಬುದು ತಜ್ಞರು ಕೊಡುವ ವಿವರಣೆ. ಮೊಲೆತೊಟ್ಟು ಒಡೆದಾಗ ಅಥವಾ ಎದೆ ಬಾವು ಬಂದಾಗಲೂ ಅಪಾಯ ಏರುವುದರಿಂದ, ಅಂತಹ ನೋವನ್ನು ನುಂಗಿಕೊಳ್ಳದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಈಗ ಪರಿಸ್ಥಿತಿ ಬಹಳ ಬದಲಾಗಿದೆ. ಗರ್ಭಿಣಿಯರಿಗೆ ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ರಕ್ತಪರೀಕ್ಷೆ ಉಚಿತ. ಸೋಂಕು ಕಂಡುಬಂದರೆ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಆಗಲೇ ಆರಂಭವಾಗಿ ಜೀವನಪೂರ್ತಿ ಮುಂದುವರಿಯುತ್ತದೆ, ಮಗುವಿಗೂ ಹುಟ್ಟಿದ ಕೂಡಲೇ ಔಷಧ ಕೊಡಲಾಗುತ್ತದೆ. ತಾಯಿ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿ ರಕ್ತದಲ್ಲಿ ವೈರಾಣು ತೀರಾ ಕಡಿಮೆಯಾಗಿದ್ದರೆ, ಹಾಲಿನ ಮೂಲಕ ಸೋಂಕು ತಗಲುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಆರು ತಿಂಗಳಾದ ಮೇಲೆ ಮೇಲೂಟ ಶುರುವಾದರೂ ಎದೆಹಾಲು ಮುಂದುವರಿಯಬಹುದು. ಆರನೇ ವಾರದಿಂದ ಹದಿನೆಂಟನೇ ತಿಂಗಳವರೆಗೆ ಮಗುವಿಗೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸಬೇಕು.

ಆದರೂ ತವರಿನಲ್ಲಿ ಬಾಣಂತನಕ್ಕೆ ಕುಳಿತ ಹೆಣ್ಣುಮಗಳು ಅಜ್ಜಿ ತಂದ ಬಜೆಯನ್ನು ಬೇಡವೆನ್ನಲು ಕಾರಣ ಹೇಳಬೇಕಾಗುತ್ತದೆ, ಆ ಕಾರಣವನ್ನು ಹೇಳಲು ಅವಳಿಗೆ ಧೈರ್ಯವಿರುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅವಳ ಗುಟ್ಟನ್ನು ಕಾಪಾಡುತ್ತದೆ, ಆದರೆ ಅಡುಗೆಮನೆಯ ಪ್ರಶ್ನೆಗಳಿಗೆ ಅದು ಉತ್ತರಿಸಲಾರದು. ಆರು ತಿಂಗಳು ಎದೆಹಾಲೊಂದೇ ಎಂಬ ಸಲಹೆ ಎಲ್ಲ ಬಾಣಂತಿಯರಿಗೂ ಒಂದೇ ಆಗಿರುವುದರಿಂದ, ಆಶಾ ಕಾರ್ಯಕರ್ತೆಯರು ಅದನ್ನು ಸೊಸೆಗೆ ಮಾತ್ರವಲ್ಲದೆ ಪ್ರತಿ ಮನೆಯ ಅತ್ತೆಗೂ ಅಜ್ಜಿಗೂ ಹೆರಿಗೆಗೆ ಮೊದಲೇ ತಿಳಿಸಬೇಕೆಂದು ನಾನು ಬಯಸುತ್ತೇನೆ. ಆಗ ಬಜೆ ಬೇಡವೆಂದವಳನ್ನು ಯಾರೂ ಏಕೆಂದು ಕೇಳುವುದಿಲ್ಲ.