ಮನೆ ಹೆಸರಿನ ಡೊಮೇನ್: ರಿಜಿಸ್ಟ್ರಾರ್ ಫಿಕ್ಸ್ ಆಯ್ತು, ಫಾರ್ವರ್ಡಿಂಗ್ ಓಡ್ತಾ ಉಂಟು

ಮನೆ ಹೆಸರಲ್ಲಿ ಡೊಮೇನ್ (ಇಮೇಲಲ್ಲಿ @ ಆದ ಮೇಲೆ ಬರುವ ಹೆಸರು) ತೆಗೊಳ್ಳಲಿಕ್ಕೆ ರಿಜಿಸ್ಟ್ರಾರ್, ಅಂದ್ರೆ ಆ ಹೆಸರು ಮಾರುವ ಕಂಪನಿ, ಯಾವುದು ಅಂತ ಕೊನೆಗೂ ಫಿಕ್ಸ್ ಮಾಡಿದೆ. ಇಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ ಅಂದ್ರೆ ಇದು ವೆಬ್‌ಸೈಟಿಗಲ್ಲ, ಅಮ್ಮನ ಬ್ಯಾಂಕು, ಅಪ್ಪನ ಎಲ್ಐಸಿ, ಮೆಸ್ಕಾಂ ಬಿಲ್ಲು ಎಲ್ಲ ಇನ್ನು ಈ ಹೆಸರಿಗೇ ಬರಬೇಕು. ಕಾಲೇಜಲ್ಲಿ ಕೊಟ್ಟ ಐಡಿ ಓದು ಮುಗಿದ ಮೇಲೆ ಬಂದ್ ಆಗ್ತದೆ, ಕೇಬಲ್‌ನವರು ಕೊಟ್ಟ ಐಡಿ ಕನೆಕ್ಷನ್ ಬಿಟ್ಟ ಕೂಡ್ಲೇ ಬಂದ್. ಡೊಮೇನ್ ನಮ್ಮದಾದ್ರೆ ಹಿಂದೆ ಜಿಮೇಲ್ ಇರ್ಲಿ ಇನ್ನೊಂದು ಇರ್ಲಿ, ಜನರಿಗೆ ಕೊಟ್ಟ ವಿಳಾಸ ಅದೇ ಇರ್ತದೆ.

ಹೆಸರು ಬೇಗ ಆಯ್ತು, ನಮ್ಮ ಕಡೆ ಮನೆ ಹೆಸರು ಹೇಗೂ ಉಂಟಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಬಗ್ಗೆ ಮಾತ್ರ ದುಬೈಯಲ್ಲಿರುವ ಅಕ್ಕನ ಹತ್ರ ದೊಡ್ಡ ಚರ್ಚೆ. "ಡಬಲ್ ಎ ಎಲ್ಲ ಬೇಡ ಮಾರಾಯ, ಅಮ್ಮ ಹಂಪನಕಟ್ಟೆ ಬ್ರಾಂಚಲ್ಲಿ ಕೌಂಟರಿನವರಿಗೆ ಬಾಯಲ್ಲಿ ಹೇಳ್ಬೇಕಲ್ಲ" ಅಂದ್ಳು, ಸರಿಯೇ ಅದು. ಕನ್ನಡದಲ್ಲೇ ಡಾಟ್ ಭಾರತ ಅಂತ ತೆಗೊಳ್ಳಲಿಕ್ಕೂ ಆಗ್ತದೆ, ನನಗೆ ತುಂಬಾ ಆಸೆ ಇತ್ತು, ಆದ್ರೆ ಇಮೇಲ್ ಐಡಿ ಕೇಳುವ ಎಷ್ಟೋ ಫಾರ್ಮುಗಳು ಇನ್ನೂ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ತೆಗೊಳ್ಳುವುದಿಲ್ಲ, ಹಾಗಾಗಿ ಬ್ಯಾಂಕಿನ ಕೆಲಸಕ್ಕೆ ಅದು ಈಗ ಆಗುವುದಿಲ್ಲ.

ಡಾಟ್ ಇನ್ ಆ ಡಾಟ್ ಕಾಮ್ ಆ? ಡಾಟ್ ಇನ್ ನೋಡಿಕೊಳ್ಳುವುದು ನಿಕ್ಸಿ ಅನ್ನುವ ನಮ್ಮ ದೇಶದ ಸಂಸ್ಥೆ, 2005ರಿಂದ ಎಲ್ಲರಿಗೂ ಸಿಗ್ತದೆ, ರೇಟೂ ಕಡಿಮೆ. ಆದ್ರೆ ಅದಕ್ಕೆ ಡೊಮೇನ್ ಯಾರದ್ದು ಅಂತ ತೋರಿಸುವ ಸಾರ್ವಜನಿಕ ಪಟ್ಟಿಯಲ್ಲಿ ನಮ್ಮ ಹೆಸರು ವಿಳಾಸ ಮುಚ್ಚುವ ಪ್ರೈವಸಿ ಸರ್ವಿಸ್ ಹಾಕ್ಲಿಕ್ಕೆ ಬಿಡುವುದಿಲ್ಲ. ಡಾಟ್ ಕಾಮ್‌ಗೆ ಒಳ್ಳೆ ರಿಜಿಸ್ಟ್ರಾರುಗಳು ಅದನ್ನು ಫ್ರೀ ಕೊಡ್ತಾರೆ. ಮನೆಯ ವಿಳಾಸ, ಅಪ್ಪನ ಫೋನ್ ನಂಬರ್ ವಿಷಯ ಆದ್ದರಿಂದ ನಾನು ಡಾಟ್ ಕಾಮ್‌ಗೇ ಹೋದೆ.

ಇನ್ನು ರೇಟು. ದೊಡ್ಡ ಅಕ್ಷರದಲ್ಲಿ ಹಾಕುವ ಮೊದಲ ವರ್ಷದ ಆಫರ್ ನೋಡಲೇ ಬೇಡಿ, ರಿನ್ಯೂವಲ್ ಎಷ್ಟು ಅಂತ ಹುಡುಕಿ ನೋಡಿ. ಡಾಟ್ ಕಾಮ್‌ನ ಹೋಲ್‌ಸೇಲ್ ದರವನ್ನು ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ 2024ರ ಸೆಪ್ಟೆಂಬರಲ್ಲಿ 10.26 ಡಾಲರಿಗೆ ಏರಿಸಿತು, ಅದರ ಮೇಲೆ ಐಕ್ಯಾನ್ (ಜಗತ್ತಿನ ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ) ಫೀಸ್ ಸ್ವಲ್ಪ. ಅಂದ್ರೆ ಅದಕ್ಕಿಂತ ತುಂಬಾ ಕೆಳಗೆ ಯಾರಾದ್ರೂ ಕೊಡ್ತಾರೆ ಅಂದ್ರೆ ಆ ದುಡ್ಡನ್ನು ಮುಂದಿನ ವರ್ಷಗಳಲ್ಲಿ ನಮ್ಮಿಂದಲೇ ತೆಗಿತಾರೆ. ಒಂದು ಕಡೆಯಂತೂ ಕಾರ್ಟಲ್ಲಿ ಪ್ರೈವಸಿಗೆ ಬೇರೆ ಚಾರ್ಜು, ಇಮೇಲಿಗೆ ಬೇರೆ, ಟಿಕ್ ಎಲ್ಲ ಮೊದಲೇ ಹಾಕಿ ಇಟ್ಟಿದ್ರು, ಅಲ್ಲಿಗೇ ಕ್ಲೋಸ್ ಮಾಡಿದೆ.

ಇದಕ್ಕಿಂತ ದೊಡ್ಡ ವಿಷಯ ಒಂದುಂಟು, ಇದನ್ನು ನಮ್ಮ ದೇಶದವರು ಮಾತ್ರ ಯೋಚಿಸಬೇಕಾದ್ದು. ಆರ್‌ಬಿಐಯ ಇ-ಮ್ಯಾಂಡೇಟ್ ನಿಯಮ (ಕಾರ್ಡಿಂದ ತನ್ನಷ್ಟಕ್ಕೇ ದುಡ್ಡು ಕಟ್ ಆಗ್ಲಿಕ್ಕೆ ಮೊದಲೇ ಒಪ್ಪಿಗೆ ಬೇಕು ಅನ್ನುವುದು) 2021ರ ಅಕ್ಟೋಬರಿಂದ ಜಾರಿಯಾದ ಮೇಲೆ ಹೊರದೇಶದ ಕಂಪನಿಗಳ ಆಟೋ ಡೆಬಿಟ್ ನಮ್ಮ ಕಾರ್ಡಲ್ಲಿ ಆಗ್ತದೆ ಅಂತ ನಂಬಿ ಕೂರ್ಲಿಕ್ಕೆ ಆಗುವುದಿಲ್ಲ. ಸೈಟಲ್ಲಿ ಆಟೋ ರಿನ್ಯೂ ಆನ್ ಅಂತ ತೋರಿಸ್ತದೆ, ದಿನ ಬಂದಾಗ ಪೇಮೆಂಟ್ ಫೇಲ್. ಡಾಟ್ ಕಾಮ್ ಅವಧಿ ಮುಗಿದ ಮೇಲೆ ಸಾಧಾರಣ ಸ್ವಲ್ಪ ದಿನ ಮಾಮೂಲಿ ರೇಟಲ್ಲೇ ವಾಪಸ್ ಸಿಗ್ತದೆ, ಆಮೇಲೆ 30 ದಿನ ರಿಡೆಂಪ್ಷನ್, ಆಗ ದಂಡ ಜೋರು, ಆಮೇಲೆ 5 ದಿನ ಬಿಟ್ಟು ಯಾರು ಬೇಕಾದ್ರೂ ತೆಗೊಳ್ಳಬಹುದು. ತೆಗೊಂಡವನಿಗೆ ಅಮ್ಮನ ಬ್ಯಾಂಕಿನ ಮೇಲ್ ಎಲ್ಲ ಹೋಗ್ತದೆ, ಪಾಸ್‌ವರ್ಡ್ ರೀಸೆಟ್ ಲಿಂಕ್ ಸಮೇತ! ಇದು ಗೊತ್ತಾದ ಮೇಲೆ ನಾನು ವರ್ಷ ವರ್ಷ ಕಟ್ಟುವ ಯೋಚನೆಯೇ ಬಿಟ್ಟೆ, ಒಟ್ಟಿಗೇ ಹೆಚ್ಚು ವರ್ಷಕ್ಕೆ ಕಟ್ಟಿದೆ, 10 ವರ್ಷದವರೆಗೆ ಆಗ್ತದೆ. ರಿಜಿಸ್ಟ್ರಾರ್ ಅಕೌಂಟಿಗೆ ಕೊಟ್ಟ ಇಮೇಲ್ ಈ ಡೊಮೇನಿನದ್ದಲ್ಲ, ಬೇರೆ ಜಿಮೇಲ್. ಡೊಮೇನ್ ನಿಂತ್ರೆ ಅದರ ಎಚ್ಚರಿಕೆ ಕೊಡುವ ಇಮೇಲೂ ನಿಲ್ಲಬಾರದಲ್ಲ.

ಫಾರ್ವರ್ಡಿಂಗಿಗೆ, ಅಂದ್ರೆ ಹೊಸ ವಿಳಾಸಕ್ಕೆ ಬಂದ ಮೇಲನ್ನು ನಮ್ಮ ಜಿಮೇಲಿಗೆ ದಾಟಿಸ್ಲಿಕ್ಕೆ, ಪೋರ್ಕ್‌ಬನ್ ಅನ್ನುವ ರಿಜಿಸ್ಟ್ರಾರ್ ಚಂದ ಉಂಟು, 20 ವಿಳಾಸದವರೆಗೆ ಫ್ರೀ. ಕ್ಲೌಡ್‌ಫ್ಲೇರ್ ಲಾಭ ಇಡದೆ ಡೊಮೇನನ್ನು ಅಸಲಿಗೇ ಕೊಡ್ತದೆ, ಇಮೇಲ್ ರೂಟಿಂಗೂ (ಅವರ ಫಾರ್ವರ್ಡಿಂಗ್) ಫ್ರೀ, ಆದ್ರೆ ಅಲ್ಲಿ ರಿಜಿಸ್ಟರ್ ಮಾಡಿದ್ರೆ ನೇಮ್‌ಸರ್ವರ್ (ಡೊಮೇನಿನ ಮೇಲ್, ಸೈಟ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸರ್ವರ್) ಅವರದ್ದೇ ಇರಬೇಕು. ನಾನು ಮಾಡಿದ್ದು ಹೆಸರು ಪೋರ್ಕ್‌ಬನ್‌ನಲ್ಲಿ, ಡಿಎನ್‌ಎಸ್ (ಆ ದಾರಿಯ ಪಟ್ಟಿ) ಮತ್ತೆ ಫಾರ್ವರ್ಡಿಂಗ್ ಕ್ಲೌಡ್‌ಫ್ಲೇರಲ್ಲಿ. ಒಬ್ಬರ ಜೊತೆ ಸರಿಬರದಿದ್ರೆ ಇನ್ನೊಂದನ್ನು ಮುಟ್ಟದೆ ಬದಲಿಸಬಹುದು. ಹೊಸ ಡೊಮೇನನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರಿಗೆ ಒಯ್ಯಲಿಕ್ಕೆ ಬಿಡುವುದಿಲ್ಲ, ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರಿಗೆ ಅಂತ ಹೇಳುವ ಸಾಲು) ಬದಲಿಸ್ಲಿಕ್ಕೆ ಮಾತ್ರ ಯಾವತ್ತೂ ತಡೆ ಇಲ್ಲ.

ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಕೂತು ಟೆಸ್ಟ್ ಮಾಡಿದೆ. ಅಕ್ಕ ಅವಳ ಆಫೀಸ್ ಐಡಿಯಿಂದ ಅಮ್ಮನ ಹೊಸ ವಿಳಾಸಕ್ಕೆ "ಊಟ ಆಯ್ತಾ" ಅಂತ ಹಾಕಿದ್ಳು, ಅಮ್ಮನ ಜಿಮೇಲಿಗೆ ತಕ್ಷಣ ಬಂತು, ಸ್ಪ್ಯಾಮಿಗೆ ಹೋಗ್ಲಿಲ್ಲ. ಜಿಮೇಲಲ್ಲಿ ಶೋ ಒರಿಜಿನಲ್ ಒತ್ತಿ ನೋಡಿದ್ರೆ ಎಸ್‌ಪಿಎಫ್ (ಕಳಿಸಿದ ಸರ್ವರಿಗೆ ಅನುಮತಿ ಉಂಟಾ) ಪಾಸ್, ಡಿಕಿಮ್ (ಡಿಜಿಟಲ್ ಸಹಿ ಸರಿ ಉಂಟಾ) ಪಾಸ್, ಡಿಮಾರ್ಕ್ (ಇವೆರಡರಲ್ಲಿ ಒಂದಾದ್ರೂ ಕಳಿಸಿದವರ ಡೊಮೇನಿಗೆ ಹೊಂದ್ತದಾ) ಪಾಸ್. ರಿಟರ್ನ್ ಪಾತ್‌ನಲ್ಲಿ (ಮೇಲ್ ತಲುಪದಿದ್ರೆ ವಾಪಸ್ ಹೋಗುವ ವಿಳಾಸ) ಅಕ್ಕನ ವಿಳಾಸದ ಬದಲು ಎಸ್‌ಆರ್‌ಎಸ್ ಅಂತ ಶುರುವಾಗುವ ಉದ್ದದ ಒಂದು ವಿಳಾಸ, ಕೊನೆಗೆ ನಮ್ಮ ಮನೆ ಹೆಸರು. ಇದೇ ಕೆಲಸ ಮಾಡುವುದು: ಫಾರ್ವರ್ಡ್ ಮಾಡುವ ಸರ್ವರ್ ಅಕ್ಕನ ಕಂಪನಿಯ ಎಸ್‌ಪಿಎಫ್ ಲಿಸ್ಟಲ್ಲಿ ಇಲ್ಲ, ಹಾಗೇ ಕಳಿಸಿದ್ರೆ ಜಿಮೇಲ್ ಇದು ಕಳ್ಳ ಮೇಲ್ ಅಂತ ತಿಳ್ಕೊಳ್ತದೆ, ಅದಕ್ಕೇ ಲಕೋಟೆಯ ಹಿಂದಿನ ವಿಳಾಸ ಬದಲಿಸುವುದು. ಡಿಕಿಮ್ ಸಹಿ ಅಕ್ಕನ ಕಂಪನಿಯದ್ದೇ ಹಾಗೇ ಉಳಿದಿತ್ತು, ಡಿಮಾರ್ಕ್ ಪಾಸಾದದ್ದು ಅದರಿಂದ. ನೋಡಿ ತುಂಬಾ ಖುಷಿ ಆಯ್ತು ನಿಜವಾಗ್ಲೂ.

ಬಾಕಿ ಇರುವುದು ಉತ್ತರ ಕಳಿಸುವುದು. ಫಾರ್ವರ್ಡಿಂಗ್ ಅಂದ್ರೆ ಬರುವ ದಾರಿ ಮಾತ್ರ. ಜಿಮೇಲಲ್ಲಿ ಬೇರೆ ವಿಳಾಸದ ಹೆಸರಲ್ಲಿ ಕಳಿಸುವ ಸೆಂಡ್ ಮೇಲ್ ಆ್ಯಸ್ ಹಾಕಿ ಆ್ಯಪ್ ಪಾಸ್‌ವರ್ಡ್ ಕೊಟ್ರೆ ಹೋಗ್ತದೆ, ಆದ್ರೆ ಸಹಿ ಜಿಮೇಲಿನದ್ದು, ನಮ್ಮ ಡೊಮೇನಿನದ್ದಲ್ಲ, ಹಾಗಾಗಿ ಡಿಮಾರ್ಕ್ ಹೊಂದುವುದಿಲ್ಲ. ಸದ್ಯಕ್ಕೆ ಡಿಮಾರ್ಕ್ ಪಾಲಿಸಿ none (ಹೊಂದದಿದ್ರೂ ಏನೂ ಮಾಡಬೇಡಿ) ಅಂತಲೇ ಇಟ್ಟಿದ್ದೇನೆ, ಅದನ್ನು ರಿಜೆಕ್ಟ್ ಅಂತ ಬದಲಿಸಿದ್ರೆ ಅಮ್ಮನ ಉತ್ತರಗಳೇ ವಾಪಸ್ ಬಂದಾವು. ಅಮ್ಮನಿಗೆ ಉತ್ತರ ಬರೆಯುವ ಕೆಲಸ ಕಡಿಮೆ, ಅಪ್ಪನಿಗೆ ಸೊಸೈಟಿ ವ್ಯವಹಾರ ಉಂಟು, ಅವರೊಬ್ಬರಿಗೆ ಸರಿಯಾದ ಮೇಲ್‌ಬಾಕ್ಸ್ ತೆಗೊಳ್ಳುವುದಾ ಅಂತ ನೋಡ್ತಾ ಇದ್ದೇನೆ. ಮೊದಲು ಮೆಸ್ಕಾಂ ಬಿಲ್ಲು ಹೊಸ ವಿಳಾಸಕ್ಕೆ ಹಾಕುವುದು, ಅದು ಸರಿಯಾಗಿ ಬರ್ತಾ ಇದ್ರೆ ಆಮೇಲೆ ಎಲ್ಐಸಿ, ಬ್ಯಾಂಕ್ ಎಲ್ಲಕ್ಕಿಂತ ಕೊನೆಗೆ.